ಹೊಗೆಗೆ ಕೂತವಳು

ಬೋಗುಣಿಯ ಹಿಟ್ಟನ್ನು ಅಂಗೈ ಬುಡದಿಂದ ಒತ್ತಿ, ಮಡಚಿ, ಮತ್ತೆ ಒತ್ತುತ್ತಿದ್ದಾಗ ಸಿತ್ತನಾಳ ಕಣ್ಣಿಗೆ ತನ್ನದೇ ಮುಂಗೈ ಬಿತ್ತು. ಬೀಳಬಾರದಿತ್ತು. ಬೆಳಗಿನ ಬಿಸಿಲು ಮದುವೆಮನೆಯ ಅಂಗಳಕ್ಕೆ ಆಗಷ್ಟೇ ಇಳಿದಿತ್ತು. ದಿನಗಟ್ಟಲೆ ಹೊಗೆ ಕುಡಿದ ಹಿಟ್ಟು ಖರ್ಜೂರದ ಬಣ್ಣಕ್ಕೆ ತಿರುಗಿ ಮಿರುಗುತ್ತಿತ್ತು. ಆ ಮಿರುಗಿನ ಪಕ್ಕದಲ್ಲಿ ಅವಳ ಕೈ ಬೂದಿ ಬಳಿದ ಹಾಗೆ ಬಿಳಿಚಿಕೊಂಡು, ಗೆರೆ ಗೆರೆ ಬಿಟ್ಟು, ಯಾರದೋ ಕೈ ಎನ್ನುವ ಹಾಗಿತ್ತು. ಎಣ್ಣೆ ಹಚ್ಚುವುದಿಲ್ಲವೇ? ಹಚ್ಚುತ್ತಾಳೆ. ದಿನಾ ಸ್ನಾನವಾದ ಮೇಲೆ ಎಳ್ಳೆಣ್ಣೆ ಹಚ್ಚುತ್ತಾಳೆ. ಎಣ್ಣೆ ಮೇಲೆಯೇ ನಿಂತು ಮೈಗೆ ಸುತ್ತಿದ ತೋಬಿನ ಸೆರಗಿಗೆ ಅಂಟುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಹೊಗೆ ಕಾಣದ ಮೈ ಎಣ್ಣೆ ಕುಡಿಯುವುದಿಲ್ಲ ಎನ್ನುವುದು ಅತ್ಬರಾ ಊರಲ್ಲಿ ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಗಂಡ ಮನೆಯಲ್ಲಿದ್ದವಳು ಹೊಗೆಗೆ ಕೂರುತ್ತಾಳೆ. ಅಂಗಳದ ಮೂಲೆಯ ಗುಂಡಿಯಲ್ಲಿ ಘಮದ ತಲಿಹ್ ಕಟ್ಟಿಗೆ ಉರಿಸಿ, ಎಣ್ಣೆ ಸವರಿದ ಬರಿಮೈಗೆ ಮೇಕೆಕೂದಲಿನ ಕಂಬಳಿ ಸುತ್ತಿ, ಗುಂಡಿಯ ಮೇಲೆ ಕುಕ್ಕರುಗಾಲಲ್ಲಿ ಬೆವರು ಹರಿದು ನಿಲ್ಲುವವರೆಗೆ ಕೂತು ಏಳುತ್ತಾಳೆ. ಗಂಡ ಪರಸ್ಥಳಕ್ಕೆ ಹೋದನೋ, ಗುಂಡಿಗೆ ಮುಚ್ಚಳ. ಬರುತ್ತಾನೆಂದು ಸುದ್ದಿ ಬಂದ ದಿನ ಮುಚ್ಚಳ ತೆಗೆಯುವುದು. ಇದನ್ನು ಯಾವ ತಾಯಿಯೂ ಮಗಳನ್ನು ಎದುರು ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ಬೀದಿಯ ಮೂಗುಗಳಿಗೇ ಗೊತ್ತಿರುತ್ತದೆ. ಸಿತ್ತನಾಳ ಮನೆಯ ಗುಂಡಿಗೆ ಮುಚ್ಚಳ ಬಿದ್ದು ಮೂರು ವರ್ಷವಾಗಿತ್ತು. ಮದುಮಗಳ ಮೈಗೆ ಉಜ್ಜುವ ದಿಲ್ಕಾದ ಹಿಟ್ಟಿಗೂ ಇದೇ ಹೊಗೆ ಬೇಕಲ್ಲ, ಅದಕ್ಕೇ ಅವಳು ಯಾರ ದಿಲ್ಕಾವನ್ನೂ ತನ್ನ ಮನೆಯಲ್ಲಿ ಮಾಡುತ್ತಿರಲಿಲ್ಲ. ಮದುಮಗಳ ಮನೆಯ ಗುಂಡಿಯ ಮೇಲೇ ಹಿಟ್ಟು ಮೆತ್ತಿದ ಬೋಗುಣಿಯನ್ನು ಕವುಚಿಟ್ಟು ಕಾಯುತ್ತಿದ್ದಳು, ಸಂಜೆಗೆ ಮೈತೊಳೆದು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದಳು.

"ಚಿಕ್ಕಮ್ಮಾ, ಇವತ್ತು ಉಜ್ಜಿದ್ರೆ ಮುಖಾನೂ ಮೈಯೂ ಒಂದೇ ಬಣ್ಣ ಆಗತ್ತಾ?" ಒಳಕೋಣೆಯ ಕಿಟಕಿಯಿಂದ ಮದುಮಗಳು ಇಖ್ಲಾಸ್ ಕೇಳಿದಳು. ತಿಂಗಳಿಂದ ಬಿಸಿಲು ಕಾಣದೆ ಕೂಡಿಹಾಕಿಸಿಕೊಂಡ ಹುಡುಗಿ. ಪಂಜರದ ಗಿಳಿಗಾದರೂ ಅಷ್ಟು ಮಾತಿರುವುದಿಲ್ಲ. ಅವಳು ಬಣ್ಣ ಬಿಳಿ ಮಾಡುವ ಟ್ಯೂಬನ್ನು ಎರಡು ವರ್ಷ ಕದ್ದು ಕದ್ದು ಹಚ್ಚಿ ಮುಖವನ್ನು ಸುಲಿದ ಈರುಳ್ಳಿ ಮಾಡಿಕೊಂಡಿದ್ದಳು. ಬೆರಳಗೆಣ್ಣು ಮಾತ್ರ ಕಪ್ಪಗೇ ಉಳಿದು ಚಾಡಿ ಹೇಳುತ್ತಿತ್ತು. ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಸಿತ್ತನಾ ಅವಳ ದಿಂಬಿನ ಕೆಳಗೆ ಕೈಹಾಕಿ ಟ್ಯೂಬು ಹುಡುಕಿ ತೆಗೆದು ಕಕ್ಕಸಿಗೆ ಎಸೆದು ಬಂದಿದ್ದಳು. ಹುಡುಗಿ ಕೈಕಾಲು ಬಡಿದುಕೊಂಡು ಅತ್ತಿದ್ದಳು. "ಬಿಟ್ಟಾಗ ಮೊದಲು ಉರಿಯತ್ತೆ ಕಣೇ, ಕೆಂಪಾಗತ್ತೆ, ಮೊದಲಿಗಿಂತ ಹಾಳಾಗಿ ಕಾಣತ್ತೆ. ಆಮೇಲೆ ನಿನ್ನ ಚರ್ಮ ನಿನಗೆ ವಾಪಸ್ ಬರತ್ತೆ. ಯಾವ ಚಟ ಬಿಡೋದಾದ್ರೂ ಹೀಗೇ," ಎಂದು ದೊಡ್ಡದಾಗಿ ಬುದ್ಧಿ ಹೇಳಿದ್ದಳು ಸಿತ್ತನಾ. ಹೇಳುವಾಗಲೇ ಒಳಗಿನಿಂದ ಯಾರೋ ನಕ್ಕ ಹಾಗಾಗಿತ್ತು. ನೀನು ಬಿಟ್ಟೆಯಾ? ಬೆಳಿಗ್ಗೆ ಚಹಾಕ್ಕೆ ಎರಡು ಲೋಟ ಇಟ್ಟು ಆಮೇಲೆ ಒಂದನ್ನು ಎತ್ತಿಡುವುದನ್ನು ಬಿಟ್ಟೆಯಾ? ಗುರುವಾರ ಸಂಜೆ ಊರಿಗೆ ಬರುವ ಲಾರಿಯ ಸದ್ದಾದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸುವುದನ್ನು? ಬೀದಿಬಾಗಿಲ ಚಿಲಕ ಹಾಕುವುದನ್ನು ಹೋದ ಚಳಿಗಾಲದಲ್ಲಿ ಬಲವಂತದಿಂದ ಅಭ್ಯಾಸ ಮಾಡಿಕೊಂಡಳು, ಹೌದು. ಹಾಕಿದ ಮೇಲೆ, ಗಂಡ ಬಂದು ತಟ್ಟಿದರೆ ಕೇಳಿಸದೇ ಹೋದೀತು ಎಂದು ಮಂಚವನ್ನೇ ಬಾಗಿಲ ಹತ್ತಿರ ಎಳೆದುಕೊಂಡಳು. ಭಾರಿ ಬಿಟ್ಟಳು!

"ಒಂದೇ ಬಣ್ಣ ಆಗತ್ತೆ ಬಿಡೇ. ನಿನ್ನ ಗಂಡ ಗುರುತು ಹಿಡಿಯದೆ ಇನ್ಯಾರ ಮನೆಗೋ ಹೋಗಿಬಿಟ್ಟಾನು," ಎಂದಳು ಸಿತ್ತನಾ. ಹುಡುಗಿ ಕಿಸಕ್ಕೆಂದಳು. ಲವಂಗದ ಪುಡಿ, ಗಂಧದ ಪುಡಿ ಬಿದ್ದಾಗಿತ್ತು. ಕೊನೆಗೆ ಅತ್ತರಿನ ಎಣ್ಣೆ ಹನಿ ಹನಿಯಾಗಿ ಬಿಟ್ಟು ನಾದಿದಾಗ ಹಿಟ್ಟಿನಿಂದ ಎದ್ದ ಪರಿಮಳಕ್ಕೆ ಅಂಗಳದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸರೆಲ್ಲ ಒಂದು ಕ್ಷಣ ಚೂರಿ ನಿಲ್ಲಿಸಿದರು. ಇದೊಂದು ಕ್ಷಣ ಅವಳಿಗೆ ಇಷ್ಟ. ಇದಕ್ಕಾಗಿಯೇ ಕರೆದಲ್ಲಿಗೆ ಹೋಗುತ್ತಾಳೆ, ಕೊಟ್ಟಷ್ಟು ಇಸಿದುಕೊಳ್ಳುತ್ತಾಳೆ. ಬೋಗುಣಿಯನ್ನು ಸೊಂಟಕ್ಕೇರಿಸಿಕೊಂಡು, ಚಪ್ಪಲಿ ಕಳಚಿ, ಒಳಕೋಣೆಯ ಹೊಸ್ತಿಲಿಗೆ ಕಾಲಿಡುವಾಗ ಇಖ್ಲಾಸಳ ಸೋದರತ್ತೆ ಅವಾತಿಫ್ ಬಾಗಿಲಿಗೆ ಅಡ್ಡ ಬಂದಳು. ಹಿಂದಿನ ದಿನ ಖಾರ್ಟೂಮಿನಿಂದ ಬಸ್ಸಿಳಿದವಳು. ಬಂದಾಗಿನಿಂದ ಮದುವೆಮನೆಯ ಕೀಲಿಕೈ ತನ್ನ ಸೊಂಟದಲ್ಲೇ ಇದೆ ಎನ್ನುವ ಹಾಗೆ ಓಡಾಡುತ್ತಿದ್ದಳು.

"ಕೊಡಮ್ಮ ಇಲ್ಲಿ. ಪಾಪ, ಎಷ್ಟು ದಿನದಿಂದ ದುಡೀತಿದೀಯ, ಹೋಗಿ ಚಹಾ ಕುಡಿ."

"ಸುಸ್ತೇನಿಲ್ಲ. ಮೊದಲ ಕೈ ಹಚ್ಚಿ ತೋರಿಸಿಬಿಡ್ತೀನಿ. ಹದ ತಪ್ಪಿ ಉಜ್ಜಿದ್ರೆ ಹುಡುಗಿ ಮೈ ಕೆರೆದು ಹೋಗತ್ತೆ."

"ನಮಗೇನು ಉಜ್ಜೋಕೆ ಬರಲ್ವಾ? ಮೊದಲ ಕೈ ಮನೇಲಿ ಗಂಡ ಇರೋಳದ್ದು ಬೀಳ್ಬೇಕು ತಾಯಿ, ನಿಂಗೊತ್ತಿಲ್ದೇ ಇರೋದಾ." ಅವಾತಿಫ್ ದನಿ ತಗ್ಗಿಸಿದಳು. ತಗ್ಗಿಸಿದ ರೀತಿಗೆ ಅಂಗಳದಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. "ನೀನು ಗಂಡ ಸತ್ತೋಳು ಅಂತ ನಾನು ಹೇಳ್ತಿಲ್ಲ, ನಾಲಗೆ ಬಿದ್ದುಹೋಗ್ಲಿ. ಆದ್ರೆ ಇರೋಳು ಅಂತ ಹೇಳೋಕಾಗತ್ತಾ? ನೀನೇ ಹೇಳು."

ಬೋಗುಣಿ ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಹೋಯಿತು. ಬಾಗಿಲು ಮುಚ್ಚಿತು. ಒಳಗಿನಿಂದ ಹಾಡು ಶುರುವಾಯಿತು, ತಂಬಟೆ ಶುರುವಾಯಿತು, ಇಖ್ಲಾಸ್ ಏನೋ ಕೇಳಿದ್ದೂ ಅದಕ್ಕೆ ಯಾರೋ "ಶ್" ಎಂದದ್ದೂ ಕೇಳಿಸಿತು. ಅವಳ ಎರಡು ಕೈಗೂ ಹಿಟ್ಟು ಮೆತ್ತಿತ್ತು. ತೊಳೆಯಬೇಕೋ, ಹಾಗೇ ಬಿಡಬೇಕೋ ತಿಳಿಯದೆ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಳು. ಈರುಳ್ಳಿ ಹೆಚ್ಚುವವರು ಮತ್ತೆ ಹೆಚ್ಚತೊಡಗಿದ್ದರು. ಎಲ್ಲರ ಕಣ್ಣಲ್ಲೂ ನೀರಿತ್ತು, ಅದು ಈರುಳ್ಳಿಯದ್ದು. ಮದುಮಗಳ ತಾಯಿ ಮಾತ್ರ ಓಡಿ ಬಂದು, "ಬೇಜಾರು ಮಾಡ್ಕೋಬೇಡ ಸಿತ್ತನಾ, ಆ ನನ್ನ ನಾದಿನಿ ಬಾಯಿಗೆ ಬೀಗ ಇಲ್ಲ," ಎಂದು, ಏನು ಕೊಟ್ಟರೆ ಸರಿಹೋದೀತು ಎಂದು ಆಚೀಚೆ ನೋಡಿ, ಗುಂಡಿಯ ಪಕ್ಕ ಉಳಿದಿದ್ದ ತಲಿಹ್ ಕಟ್ಟಿಗೆಯನ್ನೇ ಬಾಚಿ ಬುಟ್ಟಿಗೆ ತುಂಬಿ ಅವಳ ತಲೆಯ ಮೇಲಿಟ್ಟಳು. ಒಲೆಗಾದರೂ ಆಗುತ್ತದೆ ಎಂದಳು. ತಲಿಹ್ ಕಟ್ಟಿಗೆಯನ್ನು ಯಾರಾದರೂ ಒಲೆಗೆ ಹಾಕುತ್ತಾರೆಯೇ? ಆ ಹೆಂಗಸಿಗೂ ಗೊತ್ತು ಹಾಕುವುದಿಲ್ಲವೆಂದು. ಆದರೂ ಹೇಳಿದಳು, ಸಿತ್ತನಾ ಹೂಂಗುಟ್ಟಿದಳು.

ಮಧ್ಯಾಹ್ನದ ಬಿಸಿಲಿಗೆ ಓಣಿಯ ಮಣ್ಣುಗೋಡೆಗಳು ನೆರಳನ್ನು ಕಾಲಬುಡಕ್ಕೆ ಎಳೆದುಕೊಂಡಿದ್ದವು. ಗಂಡ ಸತ್ತವಳಲ್ಲ, ಗಂಡ ಇರುವವಳೂ ಅಲ್ಲ. ಅವಾತಿಫ್ ಸುಳ್ಳೇನೂ ಹೇಳಲಿಲ್ಲವಲ್ಲ. ಗಂಡ ಬಾಬಿಕರ್ ಚಿನ್ನ ಅಗೆಯುತ್ತೇನೆಂದು ಉತ್ತರದ ಮರಳುಗಾಡಿಗೆ ಹೋದವನು. ಮೂರು ತಿಂಗಳು ಫೋನು ಮಾಡಿದ, ಆಮೇಲೆ ಅವನ ಫೋನು ಸತ್ತಿತು. ಆಮೇಲೆ ಒಂದು ದಿನ ಮುಖಕ್ಕೆ ಧೂಳು ಮೆತ್ತಿಕೊಂಡ ಅಪರಿಚಿತನೊಬ್ಬ ಬಾಗಿಲಲ್ಲಿ ನಿಂತು ನೀರು ಕೇಳಿ ಕುಡಿದು, ಬಾವಿ ಕುಸಿಯಿತು ತಾಯಿ, ಒಳಗೆ ಆರೋ ಏಳೋ ಜನ, ಮೇಲಿನಿಂದ ಕೂಗಿದೆವು, ಅಗೆಯಲು ಯಂತ್ರ ಇರಲಿಲ್ಲ, ಅವನು ಆ ದಿನ ಇಳಿದಿದ್ದನೋ ಪಕ್ಕದ ಬಾವಿಗೆ ಹೋಗಿದ್ದನೋ ದೇವರಾಣೆ ನನಗೆ ಗೊತ್ತಿಲ್ಲ ಎಂದು ಹೇಳಿ ಹೋದ. ಬೀದಿಯವರು ದುಃಖಕ್ಕೆ ಕೂರಲು ಚಾಪೆ ಹೊತ್ತು ಬಂದರು. ಅತ್ತೆ ಹಾಜಾ ಸುರ್ರಾ ಆ ಚಾಪೆಗಳನ್ನು ಒಂದೊಂದಾಗಿ ಎತ್ತಿ ಬೀದಿಗೆ ಎಸೆದಿದ್ದಳು. "ನನ್ನ ಮಗನ ಹೆಣ ಎಲ್ಲಿದೆ? ತೋರಿಸಿ, ಅಳ್ತೀನಿ. ತೋರಿಸೋಕಾಗಲ್ವಾ, ಎದ್ದು ಹೋಗಿ ನಿಮ್ಮ ನಿಮ್ಮ ಮನೇಲಿ ಅಡುಗೆ ಮಾಡ್ಕೊಳ್ಳಿ!" ಆಗಲೇ ಕಣ್ಣಿಗೆ ಪೊರೆ ಬಂದು ಮುಖಗಳೆಲ್ಲ ಮಬ್ಬಾಗಿದ್ದವು ಮುದುಕಿಗೆ, ಆದರೂ ಯಾರ ಚಾಪೆ ಯಾವುದೆಂದು ಹೆಸರು ಹಿಡಿದು ಬೈದಿದ್ದಳು. ಸಿತ್ತನಾಳಿಗೆ ಆಗ ಅತ್ತೆಯ ಕಾಲು ಹಿಡಿದುಕೊಳ್ಳಬೇಕೆನ್ನಿಸಿತ್ತು. ಬಿಳಿ ಉಡುವುದು ತಪ್ಪಿತಲ್ಲ, ವಿಧವೆಯಾಗಿ ತಿಂಗಳುಗಟ್ಟಲೆ ಇದ್ದತ್ ಕೂರುವುದು ತಪ್ಪಿತಲ್ಲ ಎಂದು. ತಪ್ಪಿತೋ, ಸುಮ್ಮನೆ ಮುಂದಕ್ಕೆ ಹೋಯಿತೋ. ಅತ್ತು ಮುಗಿಸಿದವರಾದರೂ ಒಂದು ದಿನ ಎದ್ದು ತಲೆ ಬಾಚಿಕೊಳ್ಳುತ್ತಾರೆ. ಅವಳಿಗೆ ಅಳಲೂ ಇಲ್ಲ, ಬಾಚಿಕೊಳ್ಳಲೂ ಇಲ್ಲ.

ಮನೆಗೆ ಬಂದು ಬುಟ್ಟಿ ಇಳಿಸಿ, ಚಿಲಕ ಹಾಕಿ, ಹೂಜಿಯ ನೀರು ಕುಡಿದಳು. ಅಂಗಳ ಗುಡಿಸಬೇಕಿತ್ತು, ಗುಡಿಸಲಿಲ್ಲ. ಅವಳ ಮನೆಗೂ ಅತ್ತೆಯ ಮನೆಗೂ ನಡುವಿನ ಗೋಡೆಯಲ್ಲಿ ಹೆಂಗಸರು ಓಡಾಡುವ ಸಣ್ಣ ಬಾಗಿಲಿತ್ತು. ಅದರಾಚೆ ಅತ್ತೆ ಮಂಚದ ಮೇಲೆ ಬೆನ್ನು ಮಾಡಿ ಮಲಗಿದ್ದು ಕಂಡಿತು. ಈ ಹೊತ್ತಲ್ಲಿ ಅವಳು ಮಲಗುತ್ತಾಳೆ. ಸಿತ್ತನಾ ಕಟ್ಟಿಗೆಯನ್ನು ಕೊಟ್ಟಿಗೆಯ ಮೂಲೆಯಲ್ಲಿ ಒಟ್ಟಲು ಹೋದವಳು ಗುಂಡಿಯ ಮುಂದೆ ನಿಂತಳು. ತಗಡಿನ ಮುಚ್ಚಳ, ಅದರ ಮೇಲೊಂದು ಕಲ್ಲು, ಕಲ್ಲಿನ ಮೇಲೆ ಕೋಳಿಹಿಕ್ಕೆ. ಮೂರು ವರ್ಷದಿಂದ ಅದನ್ನು ದಾಟಿ ಓಡಾಡಿದ್ದಳು. ಮಂಡಿ ನೋಯುತ್ತದೆ, ಎಂದುಕೊಂಡಳು. ಮಂಡಿಗೆ ಹೊಗೆ ಒಳ್ಳೆಯದು, ಮುದುಕಿಯರೂ ಕೂರುತ್ತಾರೆ. ಚರ್ಮ ಹೀಗೆ ಒಡೆದರೆ ನಾಳೆ ಹಿಟ್ಟು ನಾದುವಾಗ ಉರಿ ಹತ್ತುತ್ತದೆ, ಇದು ನನ್ನ ಕಸುಬಿಗೆ ಬೇಕಾದದ್ದು, ಎಂದುಕೊಂಡಳು. ಹೀಗೆ ತನಗೆ ತಾನೇ ವಕೀಲಿ ಮಾಡುತ್ತಲೇ ಕಲ್ಲು ಸರಿಸಿದಳು. ಸರಿಸಿದ ಮೇಲೆ ನೆವಗಳೆಲ್ಲ ನಿಂತವು. ಮೊದಲ ಕೈ ನನ್ನದಲ್ಲವೇ? ಆಗಲಿ. ಈ ಮೈ ನನ್ನದು. ಇದಕ್ಕೆ ಮೊದಲ ಕೈ ನನ್ನದೇ. ಸಿಟ್ಟು ಎಷ್ಟು ಬಂತೆಂದರೆ ಬೆಂಕಿಕಡ್ಡಿ ಎರಡು ಮುರಿದವು.

ಪೆಟ್ಟಿಗೆಯ ತಳದಿಂದ ಕಂಬಳಿ ತೆಗೆದಾಗ ಅದರಲ್ಲಿ ಇನ್ನೂ ಹಳೆಯ ವಾಸನೆ ಇತ್ತು. ಎಣ್ಣೆ ಹಚ್ಚಿಕೊಂಡು, ತೂತಿನ ಚಾಪೆ ಹಾಸಿ, ಕಂಬಳಿಯನ್ನು ಕುತ್ತಿಗೆಯವರೆಗೆ ಬಿಗಿದು ಕೂತಳು. ಮೊದಲು ಬರೀ ಶಾಖ. ಆಮೇಲೆ ಹೊಗೆ ತೊಡೆಗಳ ನಡುವೆ, ಹೊಟ್ಟೆಯ ಮಡಿಕೆಯಲ್ಲಿ, ಮೊಲೆಗಳ ಅಡಿಯಲ್ಲಿ ದಾರಿ ಹುಡುಕುತ್ತ ಏರಿ ಬಂತು. ಮೈಗೆ ಮರೆತಿರಲಿಲ್ಲ, ಹಾಳಾದ್ದು, ಒಂದಿಷ್ಟೂ ಮರೆತಿರಲಿಲ್ಲ. ಬೆನ್ನಲ್ಲಿ ಬೆವರು ಒಡೆಯಿತು, ಕೀಲುಗಳು ಒಂದೊಂದಾಗಿ ಸಡಿಲಿದವು, ಕಣ್ಣು ಮುಚ್ಚಿತು. ಅಯ್ಯೋ ದೇವರೇ, ಎಷ್ಟು ಸುಖ. ಹೊಗೆಗೆ ಕೂತ ದಿನ ಬಾಬಿಕರ್ ಬೀದಿಯ ತಿರುವಿನಲ್ಲೇ ಕೆಮ್ಮುತ್ತಿದ್ದ. ತಾನು ಬಂದೆ ಎಂದು ಹೇಳುವ ಕೆಮ್ಮು ಅದು, ನಾಚಿಕೆಯ ಕೆಮ್ಮು, ಮದುವೆಯಾಗಿ ಹನ್ನೊಂದು ವರ್ಷವಾದರೂ ಹೋಗದ ಕೆಮ್ಮು. ಅಕ್ಕಪಕ್ಕದವರು ನಗುತ್ತಾರೆ, ಸುಮ್ಮನೆ ಬಾರೋ ಮಾರಾಯ ಎಂದರೆ, ನಿನ್ನ ಹೊಗೆ ಆಗಲೇ ಅವರ ಮೂಗಿಗೆ ಹೋಗಿದೆ, ಇನ್ನು ನನ್ನ ಕೆಮ್ಮು ಕೇಳಿದ್ರೇನು ಎನ್ನುತ್ತಿದ್ದ. ಮಕ್ಕಳಾಗಲಿಲ್ಲ. ಅದಕ್ಕೊಂದು ಮಾತೂ ಅವನು ಎತ್ತಲಿಲ್ಲ. ಹೊರಡುವ ಹಿಂದಿನ ದಿನ ಅವನೇ ಕಟ್ಟಿಗೆ ತಂದು ಗುಂಡಿಯ ಪಕ್ಕ ಒಟ್ಟಿದ್ದ. ಅವಳು ಕೂರಲಿಲ್ಲ. ಇದ್ದ ಗಾಡಿ ಮಾರಿ ಮಣ್ಣು ಅಗೆಯಲು ಹೋಗುವವನಿಗೆ ಹೊಗೆ ಬೇರೆ ಕೇಡು ಎಂದು ಒಣಮೈಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವನು ಬೆನ್ನ ಮೇಲೆ ಕೈಯಿಟ್ಟು, ಇಟ್ಟ ಹಾಗೇ ಸ್ವಲ್ಪ ಹೊತ್ತು ಬಿಟ್ಟು, "ಆಯ್ತು ಬಿಡು, ಬಂದಾಗ," ಎಂದಿದ್ದ.

ಬಂದಾಗ. ಹೊಗೆ ಕಣ್ಣಿಗೆ ಹೋಗಿ ನೀರು ಬಂತು, ಅದಕ್ಕೊಂದು ನೆವ ಬೇಕಿತ್ತೇನೋ, ಹರಿಯತೊಡಗಿದ್ದು ನಿಲ್ಲಲಿಲ್ಲ. ಅವಳು ಸದ್ದಿಲ್ಲದೆ, ಬಾಯಿ ತೆರೆದು ಅತ್ತಳು. ಮೂರು ವರ್ಷದಲ್ಲಿ ಹೀಗೆ ಅತ್ತಿರಲಿಲ್ಲ. ತನಗೆಂದು ಕೂತವಳ ಕಿವಿ ಆಗ ಎಲ್ಲಿತ್ತು? ಬೀದಿಯ ತಿರುವಿನಲ್ಲಿತ್ತು. ಕತ್ತೆಗಾಡಿಯೊಂದು ಹೋಯಿತು, ಯಾರೋ ನೀರಿನ ಡಬ್ಬ ಇಳಿಸಿದರು, ಅದರ ನಡುವೆ ಕಿವಿ ಒಂದು ಕೆಮ್ಮು ಹುಡುಕುತ್ತಿತ್ತು. ಇದು ತಿಳಿದಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಕಿವಿಯನ್ನು ವಾಪಸು ಕರೆಯಲಾಗಲಿಲ್ಲ.

ಗೋಡೆಯಾಚೆ ಪಕ್ಕದ ಮನೆಯ ಕಲ್ತೂಮಳ ಪಾತ್ರೆ ಸದ್ದು ಥಟ್ಟನೆ ನಿಂತಿತು. "ಏ ಹುಡುಗೀರಾ! ಮೂಗಿದೆಯೇನ್ರೇ ನಿಮಗೆ? ಸಿತ್ತನಾ ಮನೆ ಕಡೆಯಿಂದ ಅಲ್ವೇನ್ರೇ?" ಮತ್ತೊಂದು ದನಿ, "ಮದುವೆಮನೇದು ಇರ್ಬೇಕು ಬಿಡಕ್ಕ." "ಯಾವ ಮದುವೆಮನೆ! ಗಾಳಿ ಈ ಕಡೆಯಿಂದ ಬೀಸ್ತಾ ಇದೆ. ಬೆಂಕಿ ಇಲ್ದೆ ಹೊಗೆ ಆಡತ್ತಾ? ಬಂದಿದಾನೆ ಕಣ್ರೇ! ನನ್ನ ಮಗಳಾಣೆ, ಬಾಬಿಕರ್ ಬಂದಿದಾನೆ!" ಸಿತ್ತನಾ ಕಣ್ಣು ತೆರೆದಳು. ಕೂಗಬೇಕು, ಇಲ್ಲ ಎನ್ನಬೇಕು, ಆದರೆ ಬಾಯಲ್ಲಿ ಹೊಗೆಯಿತ್ತು, ಗಂಟಲಲ್ಲಿ ಅಳುವಿತ್ತು, ಮೈಮೇಲೆ ಕಂಬಳಿ ಬಿಟ್ಟು ನೂಲಿರಲಿಲ್ಲ. ಅಷ್ಟರಲ್ಲಿ ಕಲ್ತೂಮ್ ನಾಲಗೆ ತಿರುಗಿಸಿ ಉಲುಲು ಎಂದು ಮಂಗಳದ ಕೂಗು ಹಾಕಿಯೇಬಿಟ್ಟಳು. ಆ ಕಡೆ ಮನೆಯಿಂದ ಇನ್ನೊಂದು ಕೂಗು ಅದಕ್ಕೆ ಓಗೊಟ್ಟಿತು, ಅದರಾಚೆಯಿಂದ ಮತ್ತೊಂದು. ಬೀದಿಬಾಗಿಲು ದಡದಡ ಬಡಿಯಿತು. "ತೆಗಿಯೇ ಕಳ್ಳಿ! ಗಂಡನ್ನ ಒಳಗಿಟ್ಕೊಂಡು ಚಿಲಕ ಹಾಕ್ಕೊಂಡಿದೀಯಾ? ನಾವೇನು ಅವನನ್ನ ತಿಂದುಬಿಡ್ತೀವಾ?" ಎಂದು ನಗು.

ಆಗ ನಡುಗೋಡೆಯ ಸಣ್ಣ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡಳು. ಒಂದು ಕೈ ಗೋಡೆಯ ಮೇಲಿತ್ತು. ನಿದ್ದೆಯಿಂದ ಎದ್ದ ಅವಸರಕ್ಕೆ ತೋಬು ನೆಲದ ಮೇಲೆ ಎಳೆಯುತ್ತಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಹಾಜಾ ಸುರ್ರಾ ಮೂಗನ್ನು ಮೇಲೆತ್ತಿ, ಹೊಗೆ ಬರುವ ಕಡೆಯನ್ನೆಲ್ಲ ಬಿಟ್ಟು, ಮನೆಯ ಬಾಗಿಲ ಕಡೆಗೇ ನಡೆದಳು. "ಬಾಬಿಕರ್! ಎಲ್ಲಿದೀಯೋ ಮಗನೇ? ಮಲಗಿದಾನೇನೇ ಸಿತ್ತನಾ? ಏಳಿಸಬೇಡ, ಏಳಿಸಬೇಡ, ದಾರಿ ನಡೆದು ಸುಸ್ತಾಗಿರ್ತಾನೆ. ಕಾಲು ಮುಟ್ಟಿ ನೋಡ್ತೀನಿ ಅಷ್ಟೇ. ಯಾವ ಮಂಚದ ಮೇಲೆ?"

"ಅತ್ತೆ," ಎಂದಳು ಸಿತ್ತನಾ. ದನಿ ಏಳಲಿಲ್ಲ. "ಅತ್ತೆ, ನಾನಿಲ್ಲಿದೀನಿ. ಮೂಲೇಲಿ."

ಮುದುಕಿ ತಿರುಗಿದಳು. ಹೊಗೆಯ ನಡುವೆ ಕಂಬಳಿಯ ಗುಡ್ಡೆಯೊಂದು ಮಬ್ಬಾಗಿ ಕಂಡಿರಬೇಕು. ಅವಳ ಮುಖ ಇನ್ನೂ ನಗುತ್ತಿತ್ತು. "ಹಾಗಾದ್ರೆ ಇನ್ನೂ ಬಂದಿಲ್ವಾ? ಬರ್ತೀನಿ ಅಂತ ಹೇಳಿಕಳಿಸಿದ್ನಾ? ಯಾವ ಲಾರೀಲಿ?"

"ಯಾರೂ ಬಂದಿಲ್ಲ ಅತ್ತೆ. ಏನೂ ಹೇಳಿಕಳಿಸಿಲ್ಲ."

ಬಾಗಿಲಾಚೆ ನಗು ನಡೆದೇ ಇತ್ತು. ಹಾಜಾ ಸುರ್ರಾ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಬಂದು, ಗುಂಡಿಯ ಎದುರು ಮಣ್ಣಿನಲ್ಲಿ ಕುಕ್ಕರಿಸಿದಳು. ಮುಖವನ್ನು ಸೊಸೆಯ ಮುಖದ ಹತ್ತಿರ ತಂದಳು. ಪೊರೆ ಬಂದ ಕಣ್ಣು ಏನನ್ನೂ ನೋಡುತ್ತಿರಲಿಲ್ಲ, ಆದರೆ ಮುದುಕಿಗೆ ಎಲ್ಲ ತಿಳಿಯಿತು ಎಂದು ಸಿತ್ತನಾಳಿಗೆ ಗೊತ್ತಾಯಿತು. ಮುದುಕಿ ಬಹಳ ಮೆಲ್ಲಗೆ, ಹೊರಗಿನವರಿಗೆ ಕೇಳಬಾರದೆಂದು, ಅಂಗಲಾಚುವವರ ಹಾಗೆ ಹೇಳಿದಳು: "ನಿಂಗೆ ಕನಸು ಬಿತ್ತು, ಅಲ್ವಾ? ಮಧ್ಯಾಹ್ನ ಹೀಗೆ ಕಣ್ಣು ಹತ್ತಿತು, ಅವನು ಕನಸಲ್ಲಿ ಬಂದು ಬರ್ತೀನಿ ಅಂದ. ಅದಕ್ಕೇ ಮುಚ್ಚಳ ತೆಗೆದೆ. ಹೂಂ ಅನ್ನು ಮಗಳೇ. ಕನಸು ಅಂದ್ರೆ ಯಾರೂ ಏನೂ ಅನ್ನಲ್ಲ. ನಾನು ಅನ್ನೋಕೆ ಬಿಡಲ್ಲ."

ಹೂಂ ಎನ್ನಬಹುದಿತ್ತು. ಎಷ್ಟು ಸುಲಭ, ತುಟಿ ತೆರೆಯುವ ಕೆಲಸವೂ ಇಲ್ಲ. ಹೂಂ ಎಂದರೆ ನಾಳೆ ಮತ್ತೆ ಮುಚ್ಚಳ, ಮೇಲೆ ಕಲ್ಲು, ಬೆಳಿಗ್ಗೆ ಎರಡು ಲೋಟ, ಇನ್ನೊಬ್ಬರ ಅಂಗಳದಲ್ಲಿ ಇನ್ನೊಬ್ಬರ ಮಗಳಿಗೆ ಹಿಟ್ಟು, ಹೊಸ್ತಿಲಲ್ಲಿ ನಿಂತ ಅವಾತಿಫ್. ಅವನು ಇರುತ್ತಾನೆ, ಅವಳು ಇರುವುದಿಲ್ಲ. ಆದರೆ ಇದನ್ನೆಲ್ಲ ಅವಳು ಲೆಕ್ಕಹಾಕಿ ಹೇಳಿದಳೇ? ಇಲ್ಲ. ಬೆವರುತ್ತಿದ್ದಳು, ನಾಚಿಕೆಯಾಗಿತ್ತು, ಬಾಗಿಲ ಬಡಿತ ತಲೆಗೆ ಬಡಿದ ಹಾಗಿತ್ತು, ಬೀದಿಯ ತಿರುವಿಗೆ ಕಿವಿಕೊಟ್ಟದ್ದನ್ನು ಯಾರಾದರೂ ಕಂಡುಹಿಡಿದರೆ ಎನ್ನುವ ಅವಮಾನವೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಅದನ್ನು ಮುಚ್ಚಿಡಲು ಕೈಗೆ ಸಿಕ್ಕಿದ ಮಾತನ್ನು ಎಳೆದುಕೊಂಡಳು.

"ಕನಸಿಲ್ಲ ಅತ್ತೆ. ನನಗೋಸ್ಕರ ಕೂತೆ. ನನ್ನ ಮೈಗೆ ಬೇಕಿತ್ತು."

ಮುದುಕಿ ಅಲ್ಲೇ ಕೂತಿದ್ದಳು. ತುಟಿ ಒಮ್ಮೆ ಅಲುಗಿತು. "ನಿನಗೋಸ್ಕರ," ಎಂದಳು, ಬೆಲೆ ಕೇಳಿ ನಂಬದವರ ಹಾಗೆ. ಆಮೇಲೆ ಎರಡೂ ಕೈಯಿಂದ ಅಂಗಳದ ಮಣ್ಣನ್ನು ಬಾಚಿ ತನ್ನ ನೆತ್ತಿಗೆ ಸುರಿದುಕೊಂಡಳು, ಇನ್ನೊಂದು ಬೊಗಸೆ, ಮತ್ತೊಂದು, ಬಿಳಿ ಜಡೆಗಳ ಮೇಲೆ, ಕಣ್ಣ ಮೇಲೆ, ಮತ್ತು ಮೂರು ವರ್ಷ ಹಲ್ಲು ಕಚ್ಚಿ ಹಿಡಿದಿದ್ದನ್ನು ಬಿಟ್ಟಳು. "ನನ್ನ ಮಗನೇ! ನನ್ನ ಒಂಟೆಮರಿಯೇ! ನಿನ್ನ ಹೆಂಡತಿ ನಿನ್ನ ಬಿಟ್ಟಳಲ್ಲೋ, ಇನ್ನು ನೀನು ಯಾರ ಮನೆಗೆ ಬರ್ತೀಯೋ!" ಬಾಗಿಲಾಚೆ ನಗು ನಿಂತಿತು. ಉಲುಲು ಎನ್ನುತ್ತಿದ್ದ ಕಲ್ತೂಮಳ ನಾಲಗೆ ನಡುವೆಯೇ ತಡೆಯಿತು, ಆಮೇಲೆ ಅದೇ ಗಂಟಲಿನಿಂದ ಸಾವಿನ ಕೂಗು ಹೊರಟಿತು. ಓಣಿಯುದ್ದಕ್ಕೂ ಮನೆಯಿಂದ ಮನೆಗೆ ಅದೂ ಹೋಯಿತು.

ಅವರೇ ಚಿಲಕ ಮುರಿದು ಒಳಗೆ ಬಂದರು. ಅವರೇ ಗುಂಡಿಗೆ ನೀರು ಹೊಯ್ದು ಕೆಂಡ ಆರಿಸಿದರು, ಅವರೇ ಅವಳನ್ನು ಎಬ್ಬಿಸಿ ಬಚ್ಚಲಿಗೆ ನಡೆಸಿ, ಕೊಡ ಕೊಡ ನೀರು ಹೊಯ್ದು ಸೋಪು ಹಾಕಿ ಉಜ್ಜಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಡೆ ಬಿಚ್ಚಿದರು, ಬಳೆ ತೆಗೆದರು, ಯಾರದೋ ಪೆಟ್ಟಿಗೆಯಿಂದ ಬಿಳಿ ತೋಬು ಬಂತು. ಮೂರು ವರ್ಷದ ಹಿಂದೆ ಬೀದಿಗೆ ಬಿದ್ದಿದ್ದ ಚಾಪೆಗಳು ಅಂಗಳದಲ್ಲಿ ಹರಡಿಕೊಂಡವು. ಗೋಡೆಗೆ ಒರಗಿಸಿ ಕೂರಿಸಿದ ಮೇಲೆ ಕಲ್ತೂಮ್ ಅವಳನ್ನು ತಬ್ಬಿಕೊಳ್ಳಲು ಬಗ್ಗಿದಳು, ಬಗ್ಗಿದವಳು ಮೂಗಿನ ಹತ್ತಿರ ತಡೆದಳು. ತಲಿಹ್ ಹೊಗೆ ನೀರಿಗೆ ಹೋಗುವುದಲ್ಲ, ಸೋಪಿಗೂ ಹೋಗುವುದಲ್ಲ. ಮೈಯ ಒಳಗೆ ಇಳಿದದ್ದು ಮೈಯೇ ಬಿಟ್ಟುಕೊಡಬೇಕು. ಬಿಳಿ ಉಟ್ಟ ವಿಧವೆ, ಗಂಡನನ್ನು ಎದುರುನೋಡುವ ಹೆಣ್ಣಿನ ಹಾಗೆ ಘಮ್ಮೆನ್ನುತ್ತ ಕೂತಿದ್ದಳು. ನೀರು ಹೊಯ್ದ ಮೈಯ ಚರ್ಮ ಹೊಳೆಯುತ್ತಿತ್ತು, ಅದನ್ನು ಮುಚ್ಚಲು ಅವಳು ಕೈಗಳನ್ನು ತೋಬಿನೊಳಗೆ ಎಳೆದುಕೊಂಡಳು. ದುಃಖ ಕೇಳಲು ಬಂದವರೆಲ್ಲ ಬಗ್ಗಿದರು, ತಡೆದರು, ಕೈ ಮುಟ್ಟಿ ಎದ್ದು ದೂರದ ಚಾಪೆಯಲ್ಲಿ ಕೂತರು. ಮದುವೆಮನೆಯಿಂದಲೂ ಬಂದರು. ಅವಾತಿಫ್ ಬಂದು ಕಣ್ಣೊರೆಸಿಕೊಂಡು ಹೋದಳು, ಅವಳ ಅಳು ನಿಜದ್ದೇ.

ಮೂರು ದಿನದ ದುಃಖ ಮುಗಿದು, ಚಾಪೆ ಸುತ್ತಿಕೊಂಡು ಎಲ್ಲರೂ ಅವರವರ ಮನೆಗೆ ಹೋದ ಮರುದಿನ ಬೆಳಿಗ್ಗೆ ಅತ್ತೆ ಸಣ್ಣ ಬಾಗಿಲಿಂದ ಬಂದಳು. ಆ ದಿನದಿಂದ ಒಂದು ಮಾತೂ ಆಡಿರಲಿಲ್ಲ. ಗೋಡೆ ಹಿಡಿದು ಬಂದು ಸಿತ್ತನಾಳ ಮಂಚದ ಅಂಚಿನಲ್ಲಿ ಕೂತು, ತಡಕಾಡಿ ಅವಳ ಕೈ ಹುಡುಕಿ ಹಿಡಿದಳು. ಈಗ ಬರುತ್ತದೆ ಶಾಪ ಎಂದು ಸಿತ್ತನಾ ಕಾದಳು. ಮುದುಕಿ ಆ ಕೈಯನ್ನು ಮೂಗಿಗೆ ಒತ್ತಿಕೊಂಡು ಉಸಿರೆಳೆದುಕೊಂಡಳು.

"ಇನ್ನೂ ಹೋಗಿಲ್ಲ," ಎಂದಳು.

"ಹೋಗತ್ತೆ ಅತ್ತೆ. ದಿನಾ ಉಜ್ತಾ ಇದೀನಿ."

"ಉಜ್ಜಬೇಡ. ಹೋಗೋವರೆಗೂ ನಾನು ಇಲ್ಲೇ ಮಲಗ್ತೀನಿ. ಅವನು ಇದ್ದಾಗ ಈ ಮನೆ ಹೀಗೇ ಇರ್ತಿತ್ತು."

ಸಿತ್ತನಾಳಿಗೆ ಇನ್ನು ತಡೆಯಲಾಗಲಿಲ್ಲ. ಮೂರು ದಿನದಿಂದ ಎದೆಗೆ ಅಡ್ಡ ನಿಂತಿದ್ದನ್ನು ಹೇಳಿಯೇಬಿಟ್ಟಳು. "ನಾನು ಸುಳ್ಳು ಹೇಳಿದೆ ಅತ್ತೆ. ನನಗೋಸ್ಕರ ಅಲ್ಲ. ಕೂತಿದ್ದಷ್ಟು ಹೊತ್ತೂ ಅವರ ಕೆಮ್ಮು ಕೇಳತ್ತಾ ಅಂತ ಬೀದಿ ಕಡೆ ಕಿವಿ ಇಟ್ಕೊಂಡಿದ್ದೆ. ಬರ್ತಾರೆ ಅಂತಲೇ ಕೂತಿದ್ದೆ."

ಹಾಜಾ ಸುರ್ರಾ ಆ ಕೈಯನ್ನು ಇನ್ನೊಮ್ಮೆ ಮೂಗಿಗೆ ಒತ್ತಿಕೊಂಡಳು. ಆಮೇಲೆ ಸಿಟ್ಟಿಲ್ಲದೆ, ಸುಸ್ತಾದ ದನಿಯಲ್ಲಿ ಹೇಳಿದಳು.

"ಅದನ್ನ ಅವತ್ತೇ ಹೇಳಿದ್ದಿದ್ರೆ ಅವನು ಇನ್ನೂ ಇರ್ತಿದ್ದ ಕಣೇ."

ಹೇಳಿ, ಕಾಲು ಮಂಚದ ಮೇಲೆ ಎಳೆದುಕೊಂಡು, ಆ ಕೈಯನ್ನು ಕೆನ್ನೆಯ ಕೆಳಗಿಟ್ಟು ಮಲಗಿದಳು. ಸಿತ್ತನಾ ಕೈ ಬಿಡಿಸಿಕೊಳ್ಳಲಿಲ್ಲ.